ತಿರುಚಿದ ಶಾಫ್ಟು

ಗಂಗಾಧರಯ್ಯನವರ ಬಸವೇಶ್ವರನಗರದ ಮನೆಗೆ ಅಕ್ಕಯ್ಯಮ್ಮ ಬಂದಾಗ ಬಾಡಿಗೆದಾರ ಗೋಪೀನಾಥನೂ ಅಲ್ಲೇ ಇದ್ದ. ಎಂಜಿನಿಯರಿಂಗ್ ಕಾಲೇಜಿನ ನಿವೃತ್ತ ಮೇಷ್ಟ್ರಾದ ಗಂಗಾಧರಯ್ಯ, ಪೊಲೀಸರು ಕೈಬಿಟ್ಟ ಸಾವುಗಳ ಬೆನ್ನು ಹತ್ತುವವರು.

"ಸಾರ್, ಕಾರ್ಖಾನೇಲಿ ಜಾಸ್ತಿ ಭಾರ ಎತ್ತಿ ನಮ್ಮೆಜಮಾನ್ರೇ ಯಂತ್ರದ ಶಾಫ್ಟು ಮುರಿದ್ರು, ಆ ಭಾರದಡಿ ಸಿಕ್ಕಿ ಸತ್ರು ಅಂತಾರೆ. ಜೊತೆ ಕೆಲಸಗಾರ ಮುನಿಯಣ್ಣನ ಕೈ ಹೋಗಿದ್ದು ಮ್ಯಾನೇಜರ್ ಚಕ್ರಪಾಣಿಯವರ ತಪ್ಪಿಂದ ಅಂತ ಮಾರನೇ ದಿನ ಸಾಕ್ಷಿ ಹೇಳ್ಬೇಕಿತ್ತು ಅವರು."

ರಾಜಾಜಿನಗರದ ಆ ಕಾರ್ಖಾನೆಯ ಶೆಡ್ಡಿಗೆ ಕೆಲಸಗಾರರು ಕಾಲಿಡುತ್ತಿರಲಿಲ್ಲ. ಒಳಗೆ ಅಕ್ಕಯ್ಯಮ್ಮನ ಗಂಡ ಹನುಮಯ್ಯ ಈಗಲೂ ನರಳುತ್ತಾನೆಂದು ಅವರ ಮಾತು. ಗಂಗಾಧರಯ್ಯನವರ ಜೊತೆ ಒಳಗೆ ಹೋದ ಗೋಪೀನಾಥನಿಗೂ ಕೇಳಿಸಿತು, ಎದೆಯಾಳದಿಂದ ಬಂದಂಥ ನರಳಾಟ. ಗಂಗಾಧರಯ್ಯ ಮೇಲೆ ತೋರಿಸಿದರು. ಗಾಳಿಗೆ ತೂಗುವ ಹಗ್ಗ ಡ್ರಮ್ಮನ್ನು ಅಲುಗಿಸುತ್ತಿತ್ತು, ಮುರಿದ ಶಾಫ್ಟು ಬೇರಿಂಗಿನಲ್ಲಿ ಉಜ್ಜುತ್ತಿತ್ತು.

ಶಾಫ್ಟಿನ ಒಂದು ತುದಿಗೆ ಮೋಟಾರು, ನಡುವೆ ಭಾರ ಎತ್ತುವ ಡ್ರಮ್ಮು. ಇನ್ನೊಂದು ತುದಿ ಗೋಡೆ ತೂರಿ ಸ್ಟೋರಿನೊಳಗೆ ಹೋಗಿತ್ತು. ಸ್ಟೋರಿನ ಬೀಗದ ಕೈ ಚಕ್ರಪಾಣಿಯ ಬಳಿ ಮಾತ್ರ. ಶಾಫ್ಟಿನುದ್ದಕ್ಕೂ ಕೊರೆದಿದ್ದ ನೇರ ಗೀರು ಈಗ ಓರೆಯಾಗಿ ತಿರುಚಿಕೊಂಡಿತ್ತು. ಗಂಗಾಧರಯ್ಯ ಏಣಿ ಹತ್ತಿ ಉದ್ದ, ದಪ್ಪ ಅಳೆದು ಲೆಕ್ಕ ಹಾಕಿದರು. ಸ್ಟೋರಿನೊಳಗೆ, ಶಾಫ್ಟಿನ ತುದಿಯ ರಂಧ್ರದ ಅಂಚು ಹೊಸದಾಗಿ ಹೊಳೆಯುತ್ತಿತ್ತು.

ಸಂಜೆ ಮಾಲೀಕರು, ಚಕ್ರಪಾಣಿ, ಅಕ್ಕಯ್ಯಮ್ಮ ಮತ್ತು ಪೊಲೀಸ್ ಇನ್‌ಸ್ಪೆಕ್ಟರ್ ಶೆಡ್ಡಿನಲ್ಲಿ ಸೇರಿದರು.

"ಅವತ್ತು ಎತ್ತಿದ ಭಾರಕ್ಕೆ ಶಾಫ್ಟು ಎರಡು ಡಿಗ್ರಿ ತಿರುಚಬಹುದು, ಇಳಿಸಿದ್ರೆ ಮತ್ತೆ ನೆಟ್ಟಗಾಗ್ಬೇಕು," ಎಂದರು ಗಂಗಾಧರಯ್ಯ. "ಇದು ನಲವತ್ತು ತಿರುಚಿ ಹಾಗೇ ನಿಂತಿದೆ. ಇನ್ನೂ ಒಂದು. ಭಾರ ಎಷ್ಟೇ ಇರ್ಲಿ, ತಿರುಚೋದು ಮೋಟಾರಿಂದ ಡ್ರಮ್ಮಿನವರೆಗೆ ಮಾತ್ರ. ಡ್ರಮ್ಮಿನಾಚೆ ತುದಿಗೆ ತಡೆಯೇ ಇಲ್ಲ, ಸುಮ್ನೆ ಜೊತೆಗೆ ತಿರುಗುತ್ತೆ. ಆದ್ರೆ ಆಚೆ ಭಾಗವೂ ತಿರುಚಿದೆ. ಅಂದ್ರೆ ಆ ತುದೀನ ಯಾರೋ ಕಟ್ಟಿ ಹಿಡಿದಿದ್ರು."

"ಹೇಗೆ?" ಎಂದರು ಮಾಲೀಕರು.

"ಹನುಮಯ್ಯ ಭಾರನ ಅರ್ಧಕ್ಕೆ ಎತ್ತಿ ನಿಲ್ಲಿಸಿದಾಗ ಸ್ಟೋರಿನಿಂದ ರಂಧ್ರಕ್ಕೆ ಸರಳು ತೂರಿಸಿ, ಅಲ್ಲಿನ ಎರಡು ಕಂಬದ ನಡುವೆ ಸಿಕ್ಕಿಸಿದ್ರು. ಮತ್ತೆ ಸ್ವಿಚ್ ಹಾಕಿದ್ದೇ ತಡ, ಶಾಫ್ಟು ತಿರುಚಿ ಮೋಟಾರಿನ ಕಡೆ ಮುರೀತು. ಭಾರ ಮಾತ್ರ ಸರಳಿನ ಆಸರೆಯಲ್ಲಿ ಮೇಲೇ ನಿಂತಿತ್ತು. ಏನಾಯ್ತು ಅಂತ ನೋಡೋಕೆ ಹನುಮಯ್ಯ ಭಾರದ ಕೆಳಗೆ ಹೋದಾಗ ಸರಳು ಹೊಡೆದು ಬಿಡಿಸಿದ್ರು. ಬೀಗದ ಕೈ ಇದ್ದದ್ದು ನಿಮ್ಮ ಹತ್ರ, ಚಕ್ರಪಾಣಿ."

ಗಾಳಿಗೆ ಶಾಫ್ಟು ಮತ್ತೆ ನರಳಿತು.

ಅಕ್ಕಯ್ಯಮ್ಮ ಚಕ್ರಪಾಣಿಯೆದುರು ಬಂದು ನಿಂತಳು. "ಗೋಡೆಯಾಚೆ ಇದ್ರಲ್ಲ ನೀವು. ಕೊನೇಲಿ ಏನಂದ್ರು ಅವರು?"



"'ಭಾರ ನಿಂತಿದೆ, ನಂಬೋ ಹಾಗಿಲ್ಲ. ನಾನು ನೋಡ್ತೀನಿ, ನೀವ್ಯಾರೂ ಕೆಳಗೆ ಬರ್ಬೇಡಿ' ಅಂದ," ಎಂದ ಚಕ್ರಪಾಣಿ.