ಗೋಡೆ ಮೇಲೆ ಅರವತ್ತಾರು ಗೆರೆ

"ಅರವತ್ತಾರು ಹೇಗೆ ಬಂತು?" ಹೊಸ ಮಿಸ್ ಎರಡನೇ ಸಲ ಕೇಳಿದರು.

ರಾಣಿ ತನ್ನ ಬೂಟಿನ ತುದಿಯನ್ನೇ ನೋಡುತ್ತ ನಿಂತಿದ್ದಳು.

ಮಿಸ್ ಕೈಯಲ್ಲಿ ಅವಳ ಉತ್ತರದ ಹಾಳೆ ಇತ್ತು. ಲೆಕ್ಕವೇನೋ ನೋಡಲು ಚಿಕ್ಕದು. ಒಂದು ಕೋಣೆಯಲ್ಲಿ ಹನ್ನೆರಡು ಜನ ಇದ್ದಾರೆ. ಪ್ರತಿಯೊಬ್ಬರೂ ಉಳಿದ ಎಲ್ಲರ ಕೈ ಕುಲುಕುತ್ತಾರೆ. ಒಟ್ಟು ಎಷ್ಟು ಸಲ ಕೈ ಕುಲುಕಿದಂತಾಯಿತು? ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 'ಹೇಗೆ ಮಾಡಿದೆ, ತೋರಿಸು' ಎಂದು ಬರೆದಿತ್ತು.

ರಾಣಿ ಏನನ್ನೂ ತೋರಿಸಿರಲಿಲ್ಲ. ಹಾಳೆಯ ತುಂಬ ಬರೀ ಬಿಳಿ. ಕೆಳಗಿನ ಮೂಲೆಯಲ್ಲಿ ಮುದ್ದಾಗಿ 66 ಎಂದು ಬರೆದು ಸುತ್ತ ಒಂದು ಚೌಕ ಹಾಕಿದ್ದಳು, ಅಷ್ಟೆ.

ಮೂವತ್ತೊಂದು ಮಕ್ಕಳಲ್ಲಿ ಉತ್ತರ ಸರಿ ಬಂದದ್ದು ಇಬ್ಬರಿಗೆ ಮಾತ್ರ. ದುರದೃಷ್ಟಕ್ಕೆ ಆ ಇಬ್ಬರೂ ಒಂದೇ ಬೆಂಚಿನವರು. ಒಬ್ಬ ಕಂಪ್ಯೂಟರ್. ಕೂಡು ಅನ್ನುವುದರೊಳಗೆ ಕೂಡಿಬಿಡುತ್ತಾನೆ ಎಂದು ಕ್ಲಾಸಿನವರು ಇಟ್ಟ ಹೆಸರು ಅದು. ಇನ್ನೊಬ್ಬಳು ರಾಣಿ. ಅವಳ ಹೆಸರೂ ನಿಜವಾಗಿ ರಾಣಿ ಅಲ್ಲ. ಪೂರ್ತಿ ಬಿರುದು 'ರಬ್ಬರ್ ರಾಣಿ'. ಒಂದು ಅಕ್ಷರ ಸೊಟ್ಟಗಾದರೂ ಸಾಕು, ಇಡೀ ಸಾಲನ್ನೇ ಅಳಿಸಿ ಮತ್ತೆ ಬರೆಯುವವಳು. ತಿಂಗಳಿಗೆ ಎರಡು ರಬ್ಬರ್ ಸವೆಸುತ್ತಿದ್ದಳು. ಅವಳ ಪುಸ್ತಕದಲ್ಲಿ ಒಂದೇ ಒಂದು ಚಿತ್ತು ಕಂಡವರಿಲ್ಲ.

"ಕಂಪ್ಯೂಟರ್‌ದು ನೋಡ್ಕೊಂಡು ಬರೆದ್ಯಾ?" ಮಿಸ್ ದನಿ ತಗ್ಗಿಸಿ ಕೇಳಿದರು.

ತಗ್ಗಿಸಿದರೇನು, ಮೂರನೇ ಬೆಂಚಿನವರೆಗೂ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು.

"ಮಿಸ್, ಅವಳಿಗೆ ನಂದು ಕಾಣಿಸಲ್ಲ ಮಿಸ್," ಎಂದು ಕಂಪ್ಯೂಟರ್ ಎದ್ದು ನಿಂತ. "ನಾನು ಯಾವಾಗ್ಲೂ ಕೈ ಅಡ್ಡ ಇಟ್ಕೊಂಡೇ ಬರೆಯೋದು!"

ಪಾಪ, ಅವನು ಸಹಾಯ ಮಾಡಲೆಂದೇ ಹೇಳಿದ್ದು. ಆದರೆ ಈಗ ಇಡೀ ಕ್ಲಾಸೇ ನಕ್ಕಿತು.

ರಾಣಿಗೆ ಹೇಳಲು ಬೇಕಾದಷ್ಟಿತ್ತು. ಆದರೆ ಹೇಳುವುದು ಹೇಗೆ? 'ಹೇಗೆ ಬಂತು' ಎಂದು ಹೇಳಹೊರಟರೆ ಮೊದಲು ಬಂದ ತಪ್ಪುಗಳನ್ನೆಲ್ಲ ಹೇಳಬೇಕು. ಆ ತಪ್ಪುಗಳನ್ನು ಯಾರೂ ನೋಡಬಾರದೆಂದೇ ಅಲ್ಲವೇ ಅವಳು ಕೈ ನೋಯುವವರೆಗೆ ಉಜ್ಜಿದ್ದು?

ಮಿಸ್ ಕೆಂಪು ಪೆನ್ನಿನಿಂದ 'ನೋಡಿ ಬರೆದಿರಬಹುದು' ಎಂದು ಬರೆದು ಹಾಳೆಯನ್ನು ಅವಳ ಕೈಗೆ ಕೊಟ್ಟರು. "ಮನೆಯಲ್ಲಿ ಸೈನ್ ಹಾಕಿಸ್ಕೊಂಡು ಬಾ. ನಾನು ಮಾಡಿದ ರೂಲ್ ಅಲ್ಲ ಪುಟ್ಟ, ಸ್ಕೂಲಿಂದು."

ಸೈನ್ ಆದ ಹಾಳೆ ಸ್ಕೂಲಿನ ಮುಖ್ಯಸ್ಥರಾದ ದೊಡ್ಡ ಮಿಸ್ ಕಪಾಟಿನ ಫೈಲಿಗೆ ಹೋಗುತ್ತದೆ. ಒಮ್ಮೆ ಅದರೊಳಗೆ ಹೋದದ್ದು ವರ್ಷವಿಡೀ ಅಲ್ಲೇ ಇರುತ್ತದೆ. ಅಲ್ಲಿಗೆ ಯಾವ ರಬ್ಬರೂ ತಲುಪುವುದಿಲ್ಲ.

*

ಅಮ್ಮ ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಸ್ಕೂಲು ಬಿಟ್ಟ ಮೇಲೆ ರಾಣಿ ಅಲ್ಲಿಗೇ ಹೋಗುತ್ತಿದ್ದಳು. ಒಳಗೆಲ್ಲ ಬಿಸಿ ಹಬೆ. ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಬಿಳಿ ಅಂಗಿಯ ಕಾಲರಿನ ಮೇಲೆ ಎಳೆದು, ಸುಕ್ಕು ಉಳಿದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು.

ರಾಣಿ ಹಾಳೆ ಚಾಚಿದಳು. ಅಮ್ಮ ಕೈ ಒರೆಸಿಕೊಂಡು ಓದಿದಳು. ಮುಖ ಗಂಭೀರವಾಯಿತು.

"ನೋಡಿ ಬರೆದ್ಯಾ?"

"ಇಲ್ಲಮ್ಮ."

"ಮತ್ತೆ ಹಾಗಂತ ಹೇಳೋಕೆ ಏನಾಗಿತ್ತು? ಬಾಯಲ್ಲಿ ಏನಾದ್ರೂ ಇಟ್ಕೊಂಡಿದ್ಯಾ?"

"ಎಲ್ಲಾ ಗಲೀಜಾಗಿತ್ತಮ್ಮ. ಮೊದ್ಲು ಒಂದು ತಪ್ಪು, ಆಮೇಲೆ ಇನ್ನೊಂದು ತಪ್ಪು, ಆಮೇಲೆ ಏನೇನೋ ಗೀಚ್ದೆ. ಅದಕ್ಕೇ ಅಳಿಸಿಬಿಟ್ಟೆ."

ಅಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, ಅಂಗಿಯ ಕಾಲರನ್ನು ಸವರಿದಂತೆಯೇ ಹೆಬ್ಬೆರಳಿನಿಂದ ಸವರಿದಳು. ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ. ಅವಳ ಹುಬ್ಬು ಮೇಲೇರಿತು.

"ಇಲ್ಲೇನೋ ಇತ್ತು," ಎಂದಳು. "ಬೇಕಾದಷ್ಟಿತ್ತು. ಕೈಗೆ ಸಿಗ್ತಿದೆ."

"ಸೈನ್ ಹಾಕಮ್ಮ."

"ನೀನು ಮಾಡದೇ ಇರೋದಕ್ಕೆ ನಾನ್ಯಾಕೆ ಸೈನ್ ಹಾಕ್ಲಿ? ಅಮ್ಮ ಹಾಕಲ್ಲ ಅಂದ್ಲು ಅಂತ ಹೇಳು."

"ಬೈತಾರಮ್ಮ!"

"ಬೈಯ್ಲಿ," ಎಂದು ಅಮ್ಮ ಮತ್ತೆ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡಳು.

*

ಮರುದಿನ ಬೆಳಿಗ್ಗೆ ಕ್ಲಾಸಿನಲ್ಲಿ ದೊಡ್ಡ ಮಿಸ್ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಡಿಲಲ್ಲಿ ಒಂದು ಫಾರಂ, ಕೈಯಲ್ಲಿ ಪೆನ್ನು.

ಹೊಸ ಮಿಸ್ ಇನ್ನೂ ಪೂರ್ತಿ ಟೀಚರ್ ಆಗಿರಲಿಲ್ಲ. ಟೀಚರ್ ಆಗಲು ಕಲಿಯುತ್ತಿದ್ದರು. ಆರು ವಾರ ಈ ಕ್ಲಾಸಿಗೆ ಪಾಠ ಮಾಡಿ, ದೊಡ್ಡ ಮಿಸ್ ಕೈಯಿಂದ ಮಾರ್ಕ್ಸ್ ತೆಗೆದುಕೊಳ್ಳಬೇಕಿತ್ತು. ಇವತ್ತೇ ಆ ಪರೀಕ್ಷೆ. ಅವರ ನೋಟ್‌ಬುಕ್ಕಿನಲ್ಲಿ ಯಾವ ನಿಮಿಷಕ್ಕೆ ಏನು ಎಂದು ಬರೆದಿತ್ತು. ಐದು ನಿಮಿಷ ಪ್ರಶ್ನೆ, ಹತ್ತು ನಿಮಿಷ ಕಂಪ್ಯೂಟರ್‌ನ ಉತ್ತರದ ಹಾಳೆ, ಹೀಗೆ.

ಹಾಳೆ ತೋರಿಸಲು ಮೇಜಿನ ಮೇಲೆ ಕೊಕ್ಕರೆ ಇತ್ತು. ಅಂದರೆ ಉದ್ದ ಕತ್ತಿನ ಕ್ಯಾಮೆರಾ. ಅದರ ಕೊಕ್ಕಿನ ಕೆಳಗೆ ಏನಿಟ್ಟರೂ ಎದುರಿನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಹೊಸ ಮಿಸ್‌ಗೂ ಕೊಕ್ಕರೆಗೂ ಅಷ್ಟಾಗಿ ಆಗಿಬರುತ್ತಿರಲಿಲ್ಲ. ಮೊದಲ ದಿನ ಎಲ್ಲ ತಲೆಕೆಳಗಾಗಿ ಕಂಡಿತ್ತು. ಎರಡನೇ ದಿನ ಮಿಸ್ ಮೂಗೇ ಗೋಡೆ ತುಂಬ ಕಂಡಿತ್ತು. ಇವತ್ತು ಅದರ ದೀಪ ಕೆಟ್ಟು ಕೂತಿತ್ತು. ಮಿಸ್ ಸ್ಟಾಫ್ ರೂಮಿನಿಂದ ಒಂದು ಟೇಬಲ್ ಲ್ಯಾಂಪ್ ತಂದು ಪಕ್ಕದಲ್ಲಿಟ್ಟು, ಕಿಟಕಿಗಳ ಪರದೆ ಎಳೆದರು.

"ಶುರು ಮಾಡೋಕೆ ಮುಂಚೆ... ಸೈನ್ ಆಯ್ತಾ?" ಎಂದು ಮಿಸ್ ರಾಣಿಯತ್ತ ನೋಡಿದರು.

ರಾಣಿ ಎದ್ದು ಮುಂದೆ ಹೋದಳು. ಹಾಳೆಯನ್ನು ಕೈಗೆ ಕೊಡಲು ಧೈರ್ಯ ಸಾಲದೆ ಮೇಜಿನ ಮೇಲೆ, ಕೊಕ್ಕರೆಯ ಕೊಕ್ಕಿನ ಕೆಳಗೇ ಇಟ್ಟಳು. "ಅಮ್ಮ ಸೈನ್ ಹಾಕಲ್ಲ ಅಂದ್ರು ಮಿಸ್. ನಾನು ಮಾಡದೇ ಇರೋದಕ್ಕೆ ಹಾಕಲ್ವಂತೆ."

ಹಿಂದಿನಿಂದ ಪೆನ್ನಿನ ಸದ್ದು ಕೇಳಿಸಿತು. ದೊಡ್ಡ ಮಿಸ್ ಏನೋ ಬರೆದುಕೊಂಡರು.

ಹೊಸ ಮಿಸ್ ಮುಖ ಕೆಂಪಾಯಿತು. ಅವರು ಲ್ಯಾಂಪಿನ ಸ್ವಿಚ್ ಒತ್ತಿದರು. ಆ ಲ್ಯಾಂಪಿನ ಕತ್ತಿನ ಸ್ಕ್ರೂ ಸಡಿಲ. ಹತ್ತಿದ ದೀಪ ತೂಕಡಿಸುವವರ ತಲೆಯಂತೆ ನಿಧಾನವಾಗಿ ಬಾಗಿ, ಬಾಗಿ, ಮೇಜಿಗೆ ಮುಟ್ಟುವಷ್ಟು ಕೆಳಗಿಳಿಯಿತು. ಬೆಳಕು ಪಕ್ಕದಿಂದ ಹಾಳೆಯ ಮೇಲೆ ಸವರಿಕೊಂಡು ಹೋಯಿತು.

"ಮಿಸ್!" ಮೊದಲ ಬೆಂಚಿನಿಂದ ಯಾರೋ ಕೂಗಿದರು. "ಮಿಸ್, ಗೋಡೆ ನೋಡಿ!"

ಎಲ್ಲರೂ ನೋಡಿದರು.

ಹಾಳೆ ಖಾಲಿ ಇರಲಿಲ್ಲ. ಗೋಡೆಯ ಮೇಲೆ ದೊಡ್ಡದೊಂದು ವೃತ್ತ, ಅದರ ಸುತ್ತ ಹನ್ನೆರಡು ಚುಕ್ಕೆ. ಪ್ರತಿ ಚುಕ್ಕೆಯಿಂದ ಉಳಿದ ಎಲ್ಲ ಚುಕ್ಕೆಗಳಿಗೂ ಗೆರೆ ಹೊರಟಿತ್ತು. ಗೆರೆಯ ಮೇಲೆ ಗೆರೆ, ಗೆರೆ ದಾಟಿ ಗೆರೆ. ಅಂಚಿನಲ್ಲಿ ಬಿಡಿಬಿಡಿಯಾಗಿ, ನಡುವೆ ಒತ್ತೊತ್ತಾಗಿ, ಒಂದು ನಕ್ಷತ್ರದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಆ ಗೆರೆಗಳಲ್ಲಿ ಪೆನ್ಸಿಲಿನ ಬಣ್ಣ ಎಲ್ಲೂ ಇಲ್ಲ. ಒತ್ತಿ ಬರೆದಾಗ ಕಾಗದದಲ್ಲಿ ಬಿದ್ದ ಗುಳಿಗಳಷ್ಟೇ ಉಳಿದಿದ್ದವು. ಒಂದೊಂದು ಗುಳಿಯ ಒಂದು ಅಂಚು ಬೆಳ್ಳಗೆ, ಇನ್ನೊಂದು ಕಪ್ಪಗೆ. ಇಡೀ ಗೋಡೆಯನ್ನೇ ಯಾರೋ ಕೂತು ಕೆತ್ತಿದಂತಿತ್ತು.

ಕಂಪ್ಯೂಟರ್ ಬಾಯಿ ತೆರೆದದ್ದನ್ನು ಮುಚ್ಚಲು ಮರೆತಿದ್ದ.

ರಾಣಿಗೆ ಮೊದಲು ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಮೇಲಿನ ಮೂಲೆಯಲ್ಲಿ 144 ಕಾಣುತ್ತಿತ್ತು. ಅದರ ಕೆಳಗೆ 132. ಪಕ್ಕದಲ್ಲಿ 'ತನ್ನ ಕೈ ತಾನೇ ಕುಲುಕಲ್ಲ!' ಎಂದು ತನಗೆ ತಾನೇ ಬೈದುಕೊಂಡದ್ದೂ ಕಾಣುತ್ತಿತ್ತು. ಮುಚ್ಚಿಟ್ಟ ಗಲೀಜೆಲ್ಲ ಬಾಗಿಲಿನಷ್ಟು ದೊಡ್ಡದಾಗಿ ನಿಂತಿತ್ತು.

ಆದರೆ ಆ ನಕ್ಷತ್ರದಿಂದ ಕಣ್ಣು ಕೀಳಲು ಅವಳಿಗೂ ಆಗಲಿಲ್ಲ. ನಿನ್ನೆ ಅದನ್ನು ಎಳೆಯುವಾಗ ಮೂಗು ಹಾಳೆಗೆ ತಾಗುತ್ತಿತ್ತು. ಒಂದೊಂದೇ ಗೆರೆ ಕಂಡಿತ್ತೇ ಹೊರತು ಇಡಿಯಾಗಿ ಅವಳು ನೋಡಿರಲೇ ಇಲ್ಲ. ಇದು ನನ್ನದಾ? ಇಷ್ಟು ಚೆಂದದ್ದನ್ನ ನಾನು ಮಾಡಿದ್ನಾ?

ಹೊಸ ಮಿಸ್ ಗೋಡೆಯ ಹತ್ತಿರ ಹೋದರು. ಬೆರಳು ಚಾಚಿ ಒಂದು ಗೆರೆಯನ್ನು ಮುಟ್ಟಿದರು. ಅವರ ನೆರಳು ಅರ್ಧ ನಕ್ಷತ್ರವನ್ನು ಮುಚ್ಚಿತು. ತಟ್ಟನೆ ಪಕ್ಕಕ್ಕೆ ಸರಿದು ಮತ್ತೆ ನೋಡಿದರು.

"ಒಂದೊಂದು ಗೆರೇನೂ ಎರಡೆರಡು ಸಲ ಎಳೆದಿದೆ," ಎಂದರು. ದನಿ ಪಿಸುಮಾತಿನಷ್ಟಿತ್ತು. "ಎಲ್ಲಾ ಜೋಡಿ ಗೆರೆ. ಯಾಕೆ?"

ಅವರು ಕೇಳಿದ ರೀತಿಯೇ ಬೇರೆ ಇತ್ತು. ಪರೀಕ್ಷೆ ಮಾಡಲು ಕೇಳಿದಂತಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವಂತೆ ಕೇಳಿದ್ದರು. ರಾಣಿಯ ಬಾಯಿ ತಾನಾಗಿ ತೆರೆದುಕೊಂಡಿತು.

"ಒಂದು ಚುಕ್ಕೆ ಅಂದ್ರೆ ಒಬ್ರು, ಮಿಸ್. ಒಬ್ಬೊಬ್ರಿಂದ ಹನ್ನೊಂದು ಗೆರೆ. ಎರಡನೇ ಚುಕ್ಕೆಯಿಂದ ಹೊರಟಾಗ, ಹಳೇ ಗೆರೆ ಮೇಲೇ ಪೆನ್ಸಿಲ್ ಹೋಯ್ತು. ಅಲ್ಲಿ ಆಗ್ಲೇ ಒಂದು ಗೆರೆ ಇತ್ತು."

"ಅಂದ್ರೆ?"

"ಅಂದ್ರೆ... ಕೈ ಕೊಡಿ ಮಿಸ್."

ಮಿಸ್ ಕೈ ಚಾಚಿದರು. ರಾಣಿ ಕುಲುಕಿದಳು. "ನಾನು ನಿಮ್ ಕೈ ಕುಲುಕ್ದೆ. ನೀವೂ ನನ್ ಕೈ ಕುಲುಕಿದ್ರಿ. ಆದ್ರೆ ಎಷ್ಟು ಸಲ ಆಯ್ತು? ಒಂದೇ ಅಲ್ವಾ? ನೂರ ಮೂವತ್ತೆರಡರಲ್ಲಿ ನಾನು ಎಲ್ಲಾನೂ ಎರಡೆರಡು ಸಲ ಎಣಿಸಿಬಿಟ್ಟಿದ್ದೆ. ಅದರ ಅರ್ಧ ಅರವತ್ತಾರು."

"ಎರಡನೇ ಚುಕ್ಕೆಗೇ ಗೊತ್ತಾಗಿದ್ರೆ, ಮತ್ತೆ ಎಲ್ಲಾ ಗೆರೇನೂ ಯಾಕೆ ಎಳೆದೆ?" ಎಂದು ಕಂಪ್ಯೂಟರ್ ಕೇಳಿದ. ಸುಮ್ಮನಿರುವುದು ಅವನ ಜಾಯಮಾನವೇ ಅಲ್ಲ.

"ಎಲ್ಲಾದಕ್ಕೂ ಹಾಗೇನಾ ಅಂತ ನೋಡ್ಬೇಕಿತ್ತು," ಎಂದಳು ರಾಣಿ.

ಹೊಸ ಮಿಸ್ ಮೇಜಿಗೆ ಒರಗಿ ನಿಂತರು. ನೋಟ್‌ಬುಕ್ಕು ಜಾರಿ ಕೆಳಗೆ ಬಿದ್ದರೂ ಎತ್ತಿಕೊಳ್ಳಲಿಲ್ಲ. "ಕೊನೆಯಲ್ಲಿ ಎರಡರಿಂದ ಭಾಗಿಸ್ಬೇಕು ಅಂತ ನಾನು ಬಾಯಿಪಾಠ ಮಾಡಿದ್ದೆ," ಎಂದರು. "ಹತ್ತು ವರ್ಷದಿಂದ ಭಾಗಿಸ್ತಾನೇ ಇದೀನಿ. ಯಾಕೆ ಅಂತ ಇವತ್ತು ಕಂಡಿತು."

"ಇದು ನಿಮ್ಮ ಪಾಠದ ಪ್ಲಾನ್‌ನಲ್ಲಿ ಇತ್ತಾ?" ಹಿಂದಿನ ಬೆಂಚಿನಿಂದ ದೊಡ್ಡ ಮಿಸ್ ಕೇಳಿದರು.

"ಇಲ್ಲ ಮೇಡಂ." ಹೊಸ ಮಿಸ್ ನೆಟ್ಟಗೆ ನಿಂತರು. "ಪ್ಲಾನ್‌ನಲ್ಲಿ ಇದ್ದದ್ದು ಬೇರೆ. ಇನ್ನೊಂದು ಮಾತು ಮೇಡಂ. ನಿನ್ನೆ ಈ ಹಾಳೆ ನನ್ನ ಕೈಲೇ ಇತ್ತು. ಖಾಲಿ ಅಂದ್ಕೊಂಡೆ. ಈ ಮಗು ನೋಡಿ ಬರೆದಿದೆ ಅಂತ ಕೆಂಪಕ್ಷರದಲ್ಲಿ ಬರೆದೆ. ಅದು ನನ್ನ ತಪ್ಪು." ಅವರು ರಾಣಿಯ ಕಡೆ ತಿರುಗಿದರು. "ತಪ್ಪಾಯ್ತು ಪುಟ್ಟ. ಅಮ್ಮಂಗೂ ಹೇಳು."

"ಬರ್ಕೊಳ್ಳಲಾ ಇದನ್ನ?" ಎಂದರು ದೊಡ್ಡ ಮಿಸ್, ಪೆನ್ನು ಎತ್ತಿ.

"ಬರ್ಕೊಳ್ಳಿ ಮೇಡಂ."

ದೊಡ್ಡ ಮಿಸ್ ಬರೆದುಕೊಂಡರು. ಏನು ಬರೆದರೋ ಅವರಿಗೇ ಗೊತ್ತು. ಆಮೇಲೆ ಫಾರಂ ಬೆಂಚಿನ ಮೇಲಿಟ್ಟು, ಎದ್ದು, ಮಕ್ಕಳ ನಡುವೆ ಬಂದು ಕೂತರು. "ನನಗೆ ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ. ಮೊದಲಿಂದ ಹೇಳು. ಎಲ್ಲರೂ ಕೇಳೋಣ."

ರಾಣಿ ಹೊಸ ಮಿಸ್ ಕಡೆ ನೋಡಿದಳು. ಅವರು ಲ್ಯಾಂಪಿನ ಕತ್ತು ಇನ್ನೂ ಬೀಳದಂತೆ ಹಿಡಿದು ನಿಂತಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು. ಅದಕ್ಕೇ ಗೋಡೆಯ ಮೇಲಿನ ನಕ್ಷತ್ರವೂ ಸಣ್ಣಗೆ ನಡುಗುತ್ತಿತ್ತು. ಮಿಸ್‌ಗೂ ಹೆದರಿಕೆ! ಅವರು ಹಾಳೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಕಂಪ್ಯೂಟರ್‌ನ ಹಾಳೆ ಇಟ್ಟು, ಏನೂ ಆಗದವರಂತೆ ಪಾಠ ಮುಂದುವರಿಸಬಹುದಿತ್ತು. ಆದರೂ ಮಾರ್ಕ್ಸ್ ಕೊಡುವವರ ಎದುರಿಗೇ ತಮ್ಮ ತಪ್ಪನ್ನು ಹೇಳಿಬಿಟ್ಟಿದ್ದರು. ಹೇಳಿದ ಮೇಲೂ ಅಲ್ಲೇ ನಿಂತಿದ್ದರು.

ಎಲ್ಲರೂ ಕಾಯುತ್ತಿದ್ದರು. ತಪ್ಪುಗಳನ್ನು ಬಿಟ್ಟು ನಕ್ಷತ್ರದಿಂದಲೇ ಹೇಳಲು ಶುರು ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ!

ರಾಣಿ ಗೋಡೆಯ ಮೇಲಿನ ಮೂಲೆಗೆ ಹೋಗಿ, ತುದಿಗಾಲಲ್ಲಿ ನಿಂತು ಕೈ ಚಾಚಿದಳು.

"ಮೊದಲು ನಂಗೆ ನೂರ ನಲವತ್ನಾಲ್ಕು ಬಂತು," ಎಂದು ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿದಳು. "ಅದು ತಪ್ಪು. ಯಾಕೆ ತಪ್ಪು ಅಂತ ಹೇಳ್ತೀನಿ, ಕೇಳಿ."