ದೋನ್ ಕಾಸ್ಮೆ ಸುಳ್ಳು ಓದುವುದಿಲ್ಲ

ಲೌಡ್‌ಸ್ಪೀಕರಿನಲ್ಲಿ ಅವನ ಹೆಸರು ಬಂತು.

ಬಾಯಿಗಿಟ್ಟಿದ್ದ ತಾಕೋ ಉಗುಳಿದೆ.

"ಸಾನ್ ಮತಿಯಾಸ್ ಊರಿನ ಒತೀಲಿಯಾಗೆ ಒಂದು ನಮಸ್ಕಾರ... ಕಳಿಸಿದೋರು ಗಂಡ ಫಿದೆನ್ಸಿಯೊ. ಇಲ್ಲೇ ತೆಪೀತೋದಲ್ಲಿ, ನಮ್ಮ ಬಾಕ್ಸಿನ ಮುಂದೇನೇ ನಿಂತಿದಾರೆ ನೋಡಿ..."

ಹೆಸರು. ಊರು. ನಿಂತ ಜಾಗ. ಕೊಲ್ಲಲು ಹುಡುಕುತ್ತಿರುವವನಿಗೆ ಇನ್ನೇನು ಬೇಕು?

ನಿಮ್ಮವನನ್ನು ಬಚ್ಚಿಡಬೇಕು ಎಂದು ಕೇಳಿಕೊಂಡು ಬಂದಿದ್ದೀರಿ. ಕಾಫಿ ಕುಡಿಯಿರಿ. ನಾನು ಒಪ್ಪಿಕೊಳ್ಳುವ ಮೊದಲು ಇದನ್ನು ಕೇಳಿ.

ಕುಣಿಯುವವರ ಮಧ್ಯೆ ಮೊಣಕೈ ಆಡಿಸುತ್ತಾ ನುಗ್ಗಿದೆ. ಫಿದೆನ್ಸಿಯೊ ಎರಡೂ ಕೈಯಲ್ಲಿ ರಟ್ಟಿನ ತುಂಡೊಂದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಬಿತ್ತಿದ ಮರುದಿನವೇ ಮಳೆ ಬಿದ್ದವನ ಮುಖ.

"ಇಳಿಸೋ ಅದನ್ನ."

"ಓದಿದ್ರು ಅಕ್ಕಾ. ದೋನ್ ಕಾಸ್ಮೆ ಅವರೇ ಓದಿದ್ರು. ನನ್ನ ಹೆಸರು..."

"ಓದಿದ್ದು ನಿನ್ನ ತಿಥಿ. ನಡಿ."

ಫಿದೆನ್ಸಿಯೊ ಮೆಕ್ಕೆಜೋಳ ಬೆಳೆಯುವವನು. ನನ್ನ ಚಿಕ್ಕಮ್ಮನ ಮಗಳು ಒತೀಲಿಯಾಳ ಗಂಡ. ಅವರ ಹೊಲದ ಅಡಿಯಲ್ಲಿ ಒಳ್ಳೆಯ ಕಲ್ಲಿತ್ತು. ಪಕ್ಕದ ಕಲ್ಲುಗಣಿಯ ಯಜಮಾನ ದೋನ್ ಅಬುಂದಿಯೊ ಹೊಲ ಕೇಳಿದ. ಫಿದೆನ್ಸಿಯೊನ ಅಣ್ಣ ಕೊಡುವುದಿಲ್ಲ ಎಂದ. ಗಣಿಯ ಮೇಸ್ತ್ರಿ ನಬೋರ್ ಅವನನ್ನು ಬದುವಿನ ಮೇಲೆಯೇ ಗುಂಡಿಕ್ಕಿ ಕೊಂದ. ಆಳೆತ್ತರದ ಜೋಳದ ನಡುವೆ ಕಳೆ ಕೀಳುತ್ತಿದ್ದ ಫಿದೆನ್ಸಿಯೊ ನೋಡಿದ. ನೋಡಿದವನು ಅವನೊಬ್ಬನೇ.

ಊರ ಕೋರ್ಟಿನ ಜಡ್ಜ್‌ಗೆ ದೋನ್ ಅಬುಂದಿಯೊ ಎಂದರೆ ಭಯ. ಕೇಸನ್ನು ಮೆಕ್ಸಿಕೋ ಸಿಟಿಗೆ ತಂದರು. ಸೋಮವಾರ ಬೆಳಿಗ್ಗೆ ಸಾಕ್ಷಿ. ಅಲ್ಲಿಯವರೆಗೆ ಅವನನ್ನು ಉಸಿರಾಡಿಸಿಕೊಂಡು ಇಡುವುದು ನನ್ನ ಕೆಲಸ. ನಾನು ಪೊಲೀಸ್ ನೌಕರಿ ಬಿಟ್ಟವಳು. ಜನರನ್ನು ಬಚ್ಚಿಡುವುದು ಈಗಿನ ಕಸುಬು.

ಶುಕ್ರವಾರ ಬಂದ. ಕೋಣೆಯಲ್ಲಿ ಕೂಡಿಹಾಕಿದೆ. ಶನಿವಾರ ಬೆಳಿಗ್ಗೆ ನೋಡಿದರೆ ಕಿಟಕಿಯ ಸರಳಿಗೆ ಕಿವಿ ಒತ್ತಿಕೊಂಡು ನಿಂತಿದ್ದ. ಬೀದಿಯಲ್ಲಿ ಪೆಟ್ಟಿಗೆ ವಾದ್ಯದವನು ಹಿಡಿ ತಿರುಗಿಸುತ್ತಿದ್ದ.

"ಒಂದೇ ಒಂದ್ಸಲ ಹತ್ರದಿಂದ ಕೇಳ್ಬೇಕು ಅಕ್ಕಾ."

ನನ್ನ ಗಂಡನ ಹಳೆಯ ಟೋಪಿ ಅವನ ಹುಬ್ಬಿನವರೆಗೆ ಎಳೆದು ಹೊರಗೆ ಕರೆದುಕೊಂಡು ಹೋದೆ. ಅವನು ಊರು ನೋಡಲಿಲ್ಲ, ಕೇಳಿದ. ಮೆಟ್ರೋದಲ್ಲಿ ಹಾಡುವ ಕುರುಡನ ಹಿಂದೆ ಬೋಗಿಯಿಂದ ಬೋಗಿಗೆ ಹೋದ. ಗರಿಬಾಲ್ದಿ ಚೌಕದಲ್ಲಿ ಮೂರು ಮೇಳ ಒಟ್ಟಿಗೇ ಮೂರು ಹಾಡು ಬಾರಿಸುವಾಗ ನಡುವೆ ಕಣ್ಣು ಮುಚ್ಚಿ ನಿಂತ. ಸಂಜೆ ಒಂದು ಮೂಲೆಯಲ್ಲಿ ಥಟ್ಟನೆ ನಿಂತುಬಿಟ್ಟ.

"ಅದ್ಯಾರು ಅಕ್ಕಾ, ಅಷ್ಟು ದುಃಖದಲ್ಲಿ ಊದ್ತಿರೋದು?"

"ಅದು ಗೆಣಸಿನ ಗಾಡಿ ಮಾರಾಯ. ಹಬೆ ಸೀಟಿ."

"ಗೆಣಸಾದ್ರೇನು? ಶ್ರುತಿ ಸರಿಯಾಗಿದೆ."

ಭಾನುವಾರ ಮಧ್ಯಾಹ್ನ ಇನ್ನೊಂದೇ ಒಂದು ಆಸೆ ಹೇಳಿದ. ದೋನ್ ಕಾಸ್ಮೆ.

ದೋನ್ ಕಾಸ್ಮೆ ಬೀದಿಗೆ ಗೋಡೆಯಷ್ಟು ಎತ್ತರಕ್ಕೆ ಬಾಕ್ಸ್ ಪೇರಿಸಿ ಕುಂಬಿಯಾ ಹಾಡು ಹಾಕುತ್ತಾನೆ. ಜನ ಕುಣಿಯುತ್ತಾರೆ. ದೂರದ ತಮ್ಮವರಿಗೆ ನಮಸ್ಕಾರ ಹೇಳಬೇಕೆಂದರೆ ರಟ್ಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತಾರೆ. ಅವನು ಹಾಡಿನ ಮೇಲೆಯೇ ಅದನ್ನು ಓದುತ್ತಾನೆ. ಮೊದಲು ಅದನ್ನು ತುಂಬಿದ ಕ್ಯಾಸೆಟ್ಟುಗಳು ಬಸ್ಸು ಹತ್ತಿ ಹಳ್ಳಿಗೆ ಹೋಗುತ್ತಿದ್ದವು. ಈಗ ಆಗಿಂದಾಗಲೇ ಎಲ್ಲರ ಫೋನಿನಲ್ಲಿ ಕಾಣುತ್ತದೆ. ಫಿದೆನ್ಸಿಯೊ ಕತ್ತಾಳೆ ಪೊದೆಗೆ ಕ್ಯಾಸೆಟ್ ಪ್ಲೇಯರ್ ನೇತುಹಾಕಿ ಆ ಧ್ವನಿ ಕೇಳುತ್ತಲೇ ಕಳೆ ಕಿತ್ತವನು. ಪಟ್ಟಣ ಸೇರಿದವರಲ್ಲಿ ಯಾರಿಗೆ ಮಗುವಾಯಿತು, ಯಾರು ಇನ್ನೂ ಬದುಕಿದ್ದಾರೆ ಎಂದು ಹಳ್ಳಿಗೆ ಹೇಳುತ್ತಿದ್ದುದು ಆ ಧ್ವನಿಯೇ. ಅದು ಹೇಳಿದ ಮೇಲೆ ಅದು ನಿಜ.

ತೆಪೀತೋ ಸಂತೆಬೀದಿಗೆ ಕರೆತಂದು ನಾನು ತಾಕೋ ಕೊಳ್ಳಲು ಬೆನ್ನು ತಿರುಗಿಸಿದ್ದೆ. ಅಷ್ಟರಲ್ಲಿ ಅವನು ಒಂದು ಪೆಟ್ಟಿಗೆಯ ಮುಚ್ಚಳ ಹರಿದಿದ್ದ.

ಮೂರನೆಯ ಹಾಡು ಮುಗಿಯುವುದರೊಳಗೆ ಅವರು ಬಂದರು.

ಸಂತೆಯ ಟಾರ್ಪಾಲುಗಳ ಅಡಿಯಲ್ಲಿ ಬಗ್ಗಿ ಹೋಗುತ್ತಿದ್ದೆವು. ಎದುರಿಗೆ ಹುಲ್ಲಿನ ಟೋಪಿ. ನಬೋರ್. ಶುಕ್ರವಾರದಿಂದ ಪಟ್ಟಣ ಜಾಲಾಡುತ್ತಿದ್ದವನು. ಹಿಂದಿನಿಂದ ಅವನ ಆಳೊಬ್ಬ ನನ್ನ ಜಡೆ ಹಿಡಿದ.

"ಎಲ್ಲಿಗಮ್ಮಾ ಅವಸರ? ನಿನ್ನ ಕೈಲಿರೋ ಸಾಮಾನು ನಮ್ಮದು."

"ತಗೋ" ಎಂದೆ. ಪಕ್ಕದ ಅಂಗಡಿಯ ಬಾಣಲೆಯನ್ನು ಜಡೆ ಹಿಡಿದವನ ತೊಡೆಯ ಮೇಲೆ ಮಗುಚಿದೆ.

ಎಣ್ಣೆ ಕಾದಿತ್ತು. ಅವನು ಕೂಗಿದ್ದು ಬಾಕ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನ ಮೈ ದಾರಿಗಡ್ಡ ಬಿತ್ತು; ಅದನ್ನು ಹಾರಿ ಬಂದ ದಾರಿಗೇ ಓಡಿದೆವು. ನಬೋರ್ ದಾಟಿ ಬರುವಷ್ಟರಲ್ಲಿ ನಾವು ಎರಡು ಗಲ್ಲಿ ತಿರುಗಿ ಒಂದು ವಠಾರಕ್ಕೆ ನುಗ್ಗಿ ಕಬ್ಬಿಣದ ಬಾಗಿಲಿಗೆ ಅಗುಳಿ ಹಾಕಿಕೊಂಡೆವು. ಹೊರಗೆ ಬೂಟಿನ ಸದ್ದು ಓಡಿ ಹೋಯಿತು.

ಬದುಕಿದೆವು.

ಫಿದೆನ್ಸಿಯೊ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ. ಆಗ ಗೋಡೆಯ ಆಚೆಯಿಂದ ಮತ್ತೆ ಆ ಧ್ವನಿ.

"ಫಿದೆನ್ಸಿಯೊಗೆ ಊರಿಂದ ಉತ್ತರ ಬಂದಿದೆ... ಒತೀಲಿಯಾ ಹೇಳ್ತಾರೆ, ಫೋನಿನಲ್ಲಿ ನೋಡ್ತಾ ಕೂತಿದೀನಿ, ಬಾಕ್ಸಿನ ಮುಂದೆ ನನಗೋಸ್ಕರ ಒಂದು ಹಾಡಿಗೆ ಕುಣೀರಿ ಅಂತ."

ಅವನು ಎದ್ದು ನಿಂತ.

"ಕೂತ್ಕೋ. ಅದು ನಬೋರ್ ಬರೆದಿದ್ದು."

"ದೋನ್ ಕಾಸ್ಮೆ ಸುಳ್ಳು ಓದಲ್ಲ ಅಕ್ಕಾ."

"ಅವನು ಸುಳ್ಳೂ ಓದಲ್ಲ, ನಿಜಾನೂ ಓದಲ್ಲ. ರಟ್ಟಲ್ಲಿ ಏನಿದೆಯೋ ಅದನ್ನ ಓದ್ತಾನೆ."

"ನೋಡ್ತಾ ಕೂತಿದಾಳೆ ಅಂದ್ರಲ್ಲ..."

"ಅವಳಿಗೇ ಫೋನ್ ಮಾಡಿ ಕೇಳ್ತೀನಿ. ಅವಳ ಬಾಯಿಂದ ಬಂದ್ರೆ ನಂಬ್ತೀಯಾ?"

ಹೂಂ ಎಂದು ತಲೆ ಆಡಿಸಿದ. ವಠಾರದೊಳಗೆ ಸಿಗ್ನಲ್ ಇರಲಿಲ್ಲ. ನೀರಿನ ಟ್ಯಾಂಕುಗಳಿದ್ದ ತಾರಸಿಗೆ ಹತ್ತಿದೆ. ಒತೀಲಿಯಾ ಎತ್ತಿದಳು.

"ಉತ್ತರ ಕಳಿಸಿದ್ಯೇನೇ?"

"ನಾನೆಲ್ಲಿ ಕಳಿಸ್ಲಿ? ಇವರ ನಮಸ್ಕಾರ ಕೇಳಿ ಅಳ್ತಾ ಕೂತಿದೀನಿ. ಪಕ್ಕದ ಮನೆಯವರ ಫೋನಲ್ಲಿ ನೋಡ್ತಿದೀವಿ ಎಲ್ಲಾ..." ನಕ್ಕಳು. "ಅಯ್ಯೋ, ಇವ್ರು ಮತ್ತೆ ಬಂದ್ರು ಅಕ್ಕಾ. ಕುಣೀತಿದಾರೆ. ಇವರ ತಲೆ ಮೇಲಿರೋ ಆ ಟೋಪಿ ಯಾರದು?"

ಕೆಳಗೆ ನೋಡಿದೆ. ಅಗುಳಿ ತೆಗೆದಿತ್ತು.

ಮೆಟ್ಟಿಲು ಹಾರಿಕೊಂಡು ಇಳಿದೆ. ಫೋನ್ ಇನ್ನೂ ಕಿವಿಯಲ್ಲೇ ಇತ್ತು.

"ಅಕ್ಕಾ, ಬಿದ್ದುಬಿಟ್ರು. ಯಾಕೆ ಬಿದ್ರು ಅಕ್ಕಾ?"

ನಾನು ತಲುಪಿದಾಗ ಅವನ ಸುತ್ತ ಜಾಗ ಬಿಟ್ಟು ಜನ ಕುಣಿಯುತ್ತಿದ್ದರು. ಕುಡಿದು ಬಿದ್ದಿದ್ದಾನೆ ಎಂದುಕೊಂಡಿದ್ದರು. ಗುಂಡಿನ ಸದ್ದನ್ನು ಡೋಲು ನುಂಗಿತ್ತು. ಹಾಡು ಪೂರ್ತಿ ಮುಗಿದ ಮೇಲೆಯೇ ನಿಂತಿತು.

ಸೋಮವಾರ ಜಡ್ಜ್ ಸಾಕ್ಷಿ ಎಲ್ಲಿ ಎಂದು ಕೇಳಿದರು. ಶವಾಗಾರದಲ್ಲಿ ಎಂದರು. ತೆಪೀತೋದ ಗುಂಡು ಯಾರದೆಂದು ಹೇಳುವವರೂ ಇರಲಿಲ್ಲ. ಕೇಸು ಮುಗಿಯಿತು. ಕೋರ್ಟಿನ ಬಾಗಿಲಲ್ಲಿ ನಬೋರ್ ನನಗೆ ಟೋಪಿ ಎತ್ತಿದ.

"ಒಳ್ಳೆ ಕುಣಿತ ಅಕ್ಕಾ ನಿಮ್ಮವಂದು. ಹಳ್ಳಿ ಕಾಲಾದ್ರೂ ತಾಳ ತಪ್ಪಲಿಲ್ಲ."

"ಹೌದು. ನೀನೂ ಹಾಡು ಕೇಳೋನೇ ಅಲ್ವಾ?"

"ಭಾನುವಾರ ತಪ್ಪಿಸಲ್ಲ. ಗಣಿಯಲ್ಲಿ ದೋನ್ ಅಬುಂದಿಯೊನೂ ಸೇರಿ ಎಲ್ರೂ ಕೇಳ್ತೀವಿ."

ಅದೊಂದು ಮಾತು ಅವನು ಹೇಳಬಾರದಿತ್ತು.

ಮುಂದಿನ ಭಾನುವಾರ ನಾನೂ ಒಂದು ಪೆಟ್ಟಿಗೆಯ ಮುಚ್ಚಳ ಹರಿದೆ. ಎತ್ತಿ ಹಿಡಿದೆ. ದೋನ್ ಕಾಸ್ಮೆ ತನ್ನ ಜೇನಿನಂಥ ಧ್ವನಿಯಲ್ಲಿ ಓದಿದ.

"ಸಾನ್ ಮತಿಯಾಸ್ ಗಣಿಯ ಮೇಸ್ತ್ರಿ ನಬೋರ್‌ಗೆ ನಮಸ್ಕಾರ... ಯಜಮಾನರ ವಿಷಯ ಎಲ್ಲಾ ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸು. ಇಂತಿ, ಸರ್ಕಾರಿ ವಕೀಲರ ಆಫೀಸಿನ ಗೆಳೆಯರು."

ಕುಂಬಿಯಾ ಚೆನ್ನಾಗಿತ್ತು. ನಾನೂ ಒಂದು ಸುತ್ತು ಕುಣಿದೆ.

ಮರುದಿನ ನಬೋರ್ ಕಲ್ಲುಪುಡಿಯ ಗುಂಡಿಯಲ್ಲಿ ಸಿಕ್ಕಿದ. ಕೈ ಮುರಿದಿದ್ದರು, ಆಮೇಲೆ ಕಾಲು. ಅವಸರ ಮಾಡಿರಲಿಲ್ಲ. ತಾನು ಯಾರಿಗೂ ಏನೂ ಹೇಳಿಲ್ಲ ಎಂದು ಕೊನೆಯವರೆಗೂ ತಾಯಿಯ ಮೇಲೆ ಆಣೆ ಮಾಡಿದನಂತೆ. ಆದರೆ ದೋನ್ ಕಾಸ್ಮೆ ಸುಳ್ಳು ಓದುವುದಿಲ್ಲ. ದೋನ್ ಅಬುಂದಿಯೊಗೂ ಅದು ಗೊತ್ತು.

ಹೊಲ ಗಣಿಗೆ ಹೋಯಿತು. ಒತೀಲಿಯಾ ನನ್ನೊಡನೆ ಮಾತಾಡುವುದಿಲ್ಲ. ನನ್ನ ಗಂಡನ ಟೋಪಿ ಪೊಲೀಸರಿಂದ ವಾಪಸು ಬರಲಿಲ್ಲ.

ನಿಮ್ಮ ಕಾಫಿ ಆರಿತು. ಈಗ ಹೇಳಿ, ನಾನು ಬಚ್ಚಿಡಬೇಕಾದವನಿಗೆ ಹಾಡೆಂದರೆ ಇಷ್ಟವೇ?