ಅಂಗಡಿಗೆ ಸೀಸನ್, ಅಪ್ಪನಿಗೆ ರಜೆ

“ಜಾಡಿಗೇನು ಕಾಲು ಬಂತಾ? ಎದ್ದು ವಾಕಿಂಗ್ ಹೋಯ್ತಾ?”

ಬೇಕರಿಯ ಹಿಂದಿನ ಕೋಣೆಯಿಂದ ಅಜ್ಜಿಯ ದನಿ ಬೀದಿಯ ತನಕ ಕೇಳಿಸಿತು. ಹಣ್ಣಿನ ಜಾಡಿ ಕಾಣೆಯಾಗಿತ್ತು! ಸಣ್ಣದಲ್ಲ, ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾದಂಥ ಪಿಂಗಾಣಿ ಜಾಡಿ. ಅದರ ತುಂಬ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಎಲ್ಲ ರಮ್ಮಿನಲ್ಲಿ ನೆನೆಯುತ್ತಿದ್ದವು. ವರ್ಷದ ಕೊನೆಯ ರಜೆ ಬಂತೆಂದರೆ ಜನ ಆ ಹಣ್ಣಿನ ಕೇಕಿಗೆ ಮುಗಿಬೀಳುತ್ತಿದ್ದರು.

ಪಟಪಟಿ ಮಾತ್ರ ಕೇಕಿನ ಡಬ್ಬಗಳಿಗೆ ರಿಬ್ಬನ್ ಕಟ್ಟುತ್ತ, ಬಾಯಿ ಹೊಲಿದುಕೊಂಡವಳಂತೆ ಕೂತಿದ್ದಳು. ಮನೆಯವರು ಸುಮ್ಮನೆ ಅವಳನ್ನು ಪಟಪಟಿ ಅಂತ ಕರೆಯುತ್ತಿರಲಿಲ್ಲ. ನಿದ್ದೆಯಲ್ಲೂ ಮಾತಾಡುವ ಹುಡುಗಿ ಅವಳು. ಐದನೇ ಕ್ಲಾಸಿನ ಟೀಚರ್ ಅವಳನ್ನು ಕೂರಿಸಿ ನೋಡದ ಬೆಂಚೇ ಇರಲಿಲ್ಲ. ಎಲ್ಲಿ ಕೂರಿಸಿದರೂ ಅಲ್ಲೊಂದು ಸಂತೆ ನೆರೆಯುತ್ತಿತ್ತು. ಅಂಥವಳು ಸುಮ್ಮನಿದ್ದಾಳೆ ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ.

ಆಗಿತ್ತು. ಜಾಡಿ ಬಚ್ಚಿಟ್ಟವಳು ಅವಳೇ. ಬೆಳಿಗ್ಗೆ ಎಲ್ಲರೂ ಓವನ್ ಮುಂದೆ ಬೆವರುತ್ತಿದ್ದಾಗ, ಮೂಟೆ ಸಾಗಿಸುವ ತಳ್ಳುಗಾಡಿಯಲ್ಲಿ ಅದನ್ನು ಎದುರಿನ ಟೈಲರ್ ಆಂಟಿಯ ಅಂಗಡಿಗೆ ಸಾಗಿಸಿದ್ದಳು. ಅಲ್ಲಿ ಬಟ್ಟೆ ಚೂರುಗಳ ರಾಶಿಯೊಳಗೆ ಅದನ್ನು ಹೂತು, “ಸರ್ಪ್ರೈಸ್ ಆಂಟಿ, ಯಾರಿಗೂ ಹೇಳ್ಬೇಡಿ” ಅಂದಿದ್ದಳು.

ಯಾಕೆಂದರೆ, ಹಣ್ಣು ಹದವಾಗಿ ನೆನೆದಿದೆಯೋ ಇಲ್ಲವೋ ಅಂತ ರುಚಿ ನೋಡುವುದು ಅಪ್ಪನ ಕೆಲಸ. ಸೀಸನ್ನಿನಲ್ಲಿ ದಿನಾ ಒಂದು ಚಮಚ. ಹೋದ ವರ್ಷ ಚಮಚ ಹೋಗಿ ಲೋಟ ಬಂತು, ಲೋಟ ಹೋಗಿ ಬಾಟಲಿ ಬಂತು. ಒಂದು ಸಂಜೆ ಅಪ್ಪ ಮೈದಾ ಮೂಟೆಗೆ ಒರಗಿ ಮಲಗಿದವನು ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಓವನ್ನಿನಲ್ಲಿದ್ದ ಕೇಕುಗಳೆಲ್ಲ ಕರಕಲಾದವು. ಕೇಕು ಹೋದರೆ ಹೋಗಲಿ, ಅಪ್ಪ ಏಳದೇ ಹೋದದ್ದಕ್ಕೆ ಪಟಪಟಿಗೆ ಬಹಳ ಭಯವಾಗಿತ್ತು.

ಆಮೇಲೂ ಬಾಟಲಿ ಅಪ್ಪನನ್ನು ಬಿಟ್ಟಿರಲಿಲ್ಲ. ಮೊನ್ನೆ ಅಮ್ಮ, “ಡಾಕ್ಟರ ಹತ್ರ ಹೋಗೋಣ ಬನ್ರೀ” ಅಂದಾಗ, “ಸೀಸನ್ ಒಂದು ಮುಗೀಲಿ ಕಣೇ” ಅಂದಿದ್ದ.

“ನಾಳೆ ಅಂದವನ ಮನೆ ಹಾಳು” ಅಂತ ಅಜ್ಜಿ ಗೊಣಗಿದ್ದಳು.

ಪಟಪಟಿ ತಾನೇ ಒಂದು ಉಪಾಯ ಮಾಡಿದಳು. ಜಾಡಿಯೇ ಇಲ್ಲದಿದ್ದರೆ ರುಚಿ ನೋಡುವುದು ಎಲ್ಲಿಂದ ಬಂತು?

ಈಗ ಅಪ್ಪನೂ ಹುಡುಕಲು ಬಂದ. ಮೂಟೆಗಳ ಹಿಂದೆ ನೋಡಿದ, ಕಪಾಟಿನ ಮೇಲೆ ನೋಡಿದ. ಆಮೇಲೆ ಸಕ್ಕರೆ ಡಬ್ಬದೊಳಗೆ ಕೈ ಹಾಕಿದ. ಮೊಟ್ಟೆ ಟ್ರೇ ಎತ್ತಿ ನೋಡಿದ. ಚಳಿಯಲ್ಲೂ ಅವನ ಹಣೆ ಬೆವರುತ್ತಿತ್ತು, ಕೈ ನಡುಗುತ್ತಿತ್ತು.

ಪಟಪಟಿಗೆ ಇನ್ನು ತಡೆಯಲಾಗಲಿಲ್ಲ. “ಅಪ್ಪಾ, ಅಷ್ಟು ದಪ್ಪ ಜಾಡಿ ಮೊಟ್ಟೆ ಟ್ರೇ ಕೆಳಗೆ ಹಿಡಿಸುತ್ತಾ?”

ಅಪ್ಪನ ಕೈ ಅಲ್ಲೇ ನಿಂತಿತು.

“ನಾನೇ ಬಚ್ಚಿಟ್ಟೆ!” ಅಂದಳು ಪಟಪಟಿ. ಒಮ್ಮೆ ಬಾಯಿ ಬಿಟ್ಟಳೆಂದರೆ ಮುಗಿಯಿತು, ಮಾತುಗಳು ದಬದಬ ಬಿದ್ದವು. “ನೀನು ರುಚಿ ನೋಡ್ತೀನಿ ಅಂತ ಕುಡೀತೀಯ, ಆಮೇಲೆ ಎಬ್ಬಿಸಿದ್ರೂ ಏಳಲ್ಲ. ನಂಗೆ ಭಯ ಆಗುತ್ತೆ. ಅದಕ್ಕೇ ಬಚ್ಚಿಟ್ಟೆ. ಏನ್ ಮಾಡ್ತೀಯೋ ಮಾಡು!”

ಕೌಂಟರ್ ಮುಂದೆ ಕ್ಯೂ ನಿಂತವರಿಗೆಲ್ಲ ಅದು ಕೇಳಿಸಿತು. ಅಮ್ಮ ಚಿಲ್ಲರೆ ಹಿಡಿದುಕೊಂಡು ಹಾಗೇ ನಿಂತಳು. ಪಟಪಟಿಗೆ ಕಿವಿ ಬಿಸಿಯಾಯಿತು. ಈಗ ಅಪ್ಪ ಬೈಯುತ್ತಾನೆ ಅಂದುಕೊಂಡಳು.

ಅಪ್ಪ ಬೈಯಲಿಲ್ಲ. ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ.

“ನಾನು ಜಾಡಿ ಹುಡುಕ್ತಿರಲಿಲ್ಲ ಪುಟ್ಟಾ,” ಅಂದ ಮೆಲ್ಲಗೆ. “ಜಾಡಿ ಇಲ್ಲ ಅಂದ ಮೇಲೆ, ನಾನೇ ಎಲ್ಲೋ ಅಡಗಿಸಿಟ್ಟ ಒಂದು ಸಣ್ಣ ಬಾಟ್ಲಿ ಇತ್ತಲ್ಲ, ಅದನ್ನ ಹುಡುಕ್ತಿದ್ದೆ.”

ಆಮೇಲೆ ಎದ್ದು ಏಪ್ರನ್ ಬಿಚ್ಚಿ ಅಮ್ಮನ ಕಡೆ ತಿರುಗಿದ.

“ನಡಿಯೇ, ಡಾಕ್ಟರ ಹತ್ರ ಹೋಗೋಣ. ಈಗಲೇ. ನಾಳೆ ಅಂದ್ರೆ ನಾನು ಮತ್ತೆ ಹೋಗಲ್ಲ.”

“ಸೀಸನ್?” ಅಂದಳು ಅಮ್ಮ. ಅವಳಿಗೆ ನಂಬಿಕೆಯೇ ಬರಲಿಲ್ಲ.

“ನೀನು ಹುಟ್ಟೋಕೆ ಮುಂಚೆ ಈ ಓವನ್ನಿಗೆ ಸೌದೆ ಹಾಕ್ದವಳು ನಾನು,” ಅಂತ ಅಜ್ಜಿ ಅಪ್ಪನ ಏಪ್ರನ್ನನ್ನು ಕಿತ್ತುಕೊಂಡು ತಾನೇ ಕಟ್ಟಿಕೊಂಡಳು. ಅದು ಅವಳ ಪಾದದವರೆಗೂ ಬಂತು. “ಹೋಗೋ ಮೊದ್ಲು!”

ಕ್ಯೂನಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಕತ್ತು ಮುಂದೆ ಚಾಚಿದರು. “ಅಲ್ಲಮ್ಮಾ, ಹಾಗಾದ್ರೆ ನಮ್ಮ ಕೇಕು? ಆ ಹಳೇ ರುಚಿ?”

“ರುಚಿ ಬೇಕಾದವರು ಸಂಜೆ ಬನ್ನಿ. ಅಮಲು ಬೇಕಾದವರು ಬೇರೆ ಅಂಗಡಿ ನೋಡ್ಕೊಳ್ಳಿ!” ಅಂದಳು ಅಜ್ಜಿ.

ಕ್ಯೂಗೆ ಕ್ಯೂವೇ ನಕ್ಕಿತು. ಮೇಷ್ಟ್ರು ಅಪ್ಪನ ಬೆನ್ನು ತಟ್ಟಿ, “ಹೋಗಿ ಬಾಪ್ಪಾ” ಅಂದರು.

ಆಸ್ಪತ್ರೆಯಲ್ಲಿ ಪಟಪಟಿಗೆ ಆಶ್ಚರ್ಯ ಕಾದಿತ್ತು. ಇಡೀ ಊರಿಗೆ ತನ್ನ ಅಪ್ಪ ಒಬ್ಬನೇ ಹೀಗೆ ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಬೆಂಚುಗಳಲ್ಲಿ ಜಾಗವೇ ಇಲ್ಲ! ಇಸ್ತ್ರಿ ಮಾಡಿದ ಶರ್ಟಿನವರು, ಗ್ರೀಸ್ ಮೆತ್ತಿದ ಪ್ಯಾಂಟಿನವರು, ಒಬ್ಬ ಆಂಟಿ ಕೂಡ.

“ರಜೆ ಟೈಮಲ್ವಾ, ನಮಗೂ ಈಗ್ಲೇ ಸೀಸನ್,” ಅಂದಳು ನರ್ಸಕ್ಕ, ಕುರ್ಚಿ ತಂದು ಹಾಕುತ್ತ.

ಡಾಕ್ಟರಮ್ಮ ಅಪ್ಪನ ನಾಡಿ ನೋಡಿದರು, ಕಣ್ಣು ನೋಡಿದರು, ತುಂಬ ಹೊತ್ತು ಮಾತಾಡಿಸಿದರು. “ಇಷ್ಟು ದಿನ ಕುಡಿದು ಒಂದೇ ಸಲ ನಿಲ್ಲಿಸಿದ್ರೆ ಮೈ ತಡ್ಕೊಳ್ಳಲ್ಲ. ಸ್ವಲ್ಪ ದಿನ ಇಲ್ಲೇ ಇರಿ. ಔಷಧಿ ಕೊಟ್ಟು ನಾವು ನೋಡ್ಕೋತೀವಿ,” ಅಂದರು.

“ಡಾಕ್ಟರ್, ಜಾಡಿ ಬಚ್ಚಿಟ್ರೆ ಸಾಕಾಗಲ್ವಾ?” ಅಂತ ಪಟಪಟಿ ಕೇಳಿದಳು.

“ಜ್ವರ ಬಂದಾಗ ಥರ್ಮಾಮೀಟರ್ ಬಚ್ಚಿಟ್ರೆ ಜ್ವರ ಹೋಗುತ್ತಾ?”

ಪಟಪಟಿ ಕಿಸಕ್ಕನೆ ನಕ್ಕಳು. “ಇಲ್ಲ!”

“ಮತ್ತೆ? ಅಪ್ಪನ್ನ ಕಾಯೋದು ನನ್ನ ಡ್ಯೂಟಿ. ನೀನು ರಜೆ ಮಜಾ ಮಾಡು.”

ಅಪ್ಪನನ್ನು ಬಿಟ್ಟು ಬರುವಾಗ ಪಟಪಟಿ ಗೇಟಿನ ತನಕ ತಿರುಗಿ ತಿರುಗಿ ನೋಡಿದಳು. ಆದರೆ ಅಂಗಡಿಗೆ ಬಂದರೆ ಅಳಲು ಪುರುಸೊತ್ತೇ ಇರಲಿಲ್ಲ. ಟೈಲರ್ ಆಂಟಿ ಜಾಡಿ ಹೊತ್ತು ಏದುಸಿರು ಬಿಡುತ್ತ ಬಂದಿದ್ದರು.

“ಏನೇ ಇದು ನಿನ್ನ ಸರ್ಪ್ರೈಸು! ನನ್ನ ಅಂಗಡೀಲಿ ಯಾರೋ ಕುಡಿದು ಮಲಗಿದಾರೇನೋ ಅನ್ನೋ ಹಾಗೆ ವಾಸನೆ! ಬ್ಲೌಸ್ ಕೊಡೋಕೆ ಬಂದವಳು ಮೂಗು ಮುಚ್ಕೊಂಡು ವಾಪಸ್ ಹೋದ್ಲು!”

ಅಜ್ಜಿ ಜಾಡಿಯನ್ನು ಮೋರಿಗೆ ಬಗ್ಗಿಸಿಯೇ ಬಿಟ್ಟಳು. ಹೊಸ ಹಣ್ಣನ್ನು ಕಿತ್ತಳೆ ರಸದಲ್ಲಿ ಕುದಿಸಿದರು. ಟೈಲರ್ ಆಂಟಿ ಕತ್ತರಿಯಲ್ಲೇ ಖರ್ಜೂರ ಕತ್ತರಿಸಿದರು. ತೊಳೆದ ಕತ್ತರಿ ತಾನೇ ಅಂತ ಅಜ್ಜಿ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಪಟಪಟಿ ಮೊಟ್ಟೆ ಒಡೆದಳು; ಅರ್ಧ ಬಟ್ಟಲಿಗೆ, ಅರ್ಧ ಫ್ರಾಕಿಗೆ. ರುಚಿ ನೋಡುವ ಕೆಲಸವೂ ಅವಳಿಗೇ ಸಿಕ್ಕಿತು. ಅದನ್ನು ಅವಳು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ ಅಜ್ಜಿ ಚಮಚ ಕಸಿದುಕೊಳ್ಳಬೇಕಾಯಿತು.

ಸಂಜೆ ಮೇಷ್ಟ್ರು ಕೇಕನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದೇನಮ್ಮಾ, ಒಂದು ಕಡೆಗೆ ವಾಲಿದೆ?”

“ವಯಸ್ಸಾದ ಮೇಲೆ ನಾನೂ ವಾಲಿದೀನಿ. ಸುಮ್ನೆ ತಿನ್ನಿ.”

ಮೇಷ್ಟ್ರು ತಿಂದರು. ಇನ್ನೊಂದು ಕೇಕು ಕಟ್ಟಿಸಿಕೊಂಡರು.

ರಜೆಯ ಕೊನೆಯ ಭಾನುವಾರ ಅಪ್ಪನನ್ನು ನೋಡಲು ಬಿಟ್ಟರು. ಅಪ್ಪ ಸೊರಗಿದ್ದ, ಆದರೆ ಗಡ್ಡ ಬೋಳಿಸಿ, ತಲೆ ಬಾಚಿಕೊಂಡಿದ್ದ. ಪಟಪಟಿ ಅಂಗಡಿಯ ಸುದ್ದಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಕತ್ತರಿಯ ಕತೆ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಪಕ್ಕದ ಮಂಚದವರೆಲ್ಲ ಕೇಕು ಹಂಚಿಕೊಂಡು ತಿಂದರು.

“ಮನೆಗೆ ಯಾವಾಗ ಬರ್ತೀಯಪ್ಪಾ? ನಾಳೆ?”

ಅಪ್ಪ ಬಾಯಿ ತೆರೆದ. ಪಟಪಟಿಗೆ ಗೊತ್ತಿತ್ತು, ಅಪ್ಪನ ಹತ್ತಿರ ಉತ್ತರ ಯಾವಾಗಲೂ ರೆಡಿ. ಸರ್ಕಸ್ಸಿಗೆ? ನಾಳೆ! ಸೈಕಲ್ ರಿಪೇರಿ? ನಾಳೆ, ಪ್ರಾಮಿಸ್! ಪ್ರತಿ ಸಲವೂ ಅವಳು ಕುಣಿದಿದ್ದಳು, ಆ ನಾಳೆ ಮಾತ್ರ ಬಂದಿರಲಿಲ್ಲ.

ಅಪ್ಪ ಬಾಯಿ ಮುಚ್ಚಿದ. ಯೋಚಿಸಿದ.

“ಗೊತ್ತಿಲ್ಲ ಪುಟ್ಟಾ. ಡಾಕ್ಟರ್ ಸರಿ ಅಂದ ಮೇಲೆ. ಮನೆಗೆ ಬಂದ ಮೇಲೂ ವಾರ ವಾರ ಇಲ್ಲಿಗೆ ಬರ್ಬೇಕು. ಕಷ್ಟ ಇದೆ.”

ಪಟಪಟಿ ಅವನ ಮುಖವನ್ನೇ ನೋಡಿದಳು. “ಸರಿ,” ಅಂದಳು.

ವಾಪಸ್ ಬರುವಾಗ ಅವಳು ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದಳು.

“ನಿಧಾನ ಕಣೇ! ಏನಂದ್ರು ಅಪ್ಪ?” ಅಂತ ಡಾಕ್ಟರಮ್ಮನ ಹತ್ತಿರ ಮಾತಾಡಿ ಬಂದ ಅಮ್ಮ ಹಿಂದಿನಿಂದ ಕೂಗಿದಳು.

“ಯಾವಾಗ ಬರ್ತೀನೋ ಗೊತ್ತಿಲ್ಲ ಅಂದ!”

“ಅದಕ್ಕೆ ಇಷ್ಟು ಖುಷೀನಾ?”

“ಹೂಂ,” ಅಂದಳು ಪಟಪಟಿ, ಕೊನೆಯ ಮೆಟ್ಟಿಲ ಮೇಲೆ ನಿಂತು. “ಅಪ್ಪ ನಿಜ ಹೇಳ್ದ ಅಮ್ಮಾ.”

ಅಮ್ಮ ಸರಸರ ಇಳಿದು ಬಂದು ಅವಳ ಕೈ ಹಿಡಿದುಕೊಂಡಳು.